ಹಳೆ ಲ್ಯಾಪ್‌ಟಾಪ್‌ನಲ್ಲಿ ಲೂಪ್ ವಿಡಿಯೊ: ತಡವರಿಸುತ್ತದೆ, ಪ್ರತಿ ಸುತ್ತಿಗೂ ಪರದೆ ಕಪ್ಪಾಗುತ್ತದೆ

ಪ್ರಶ್ನೆ
ನಮಸ್ಕಾರ. ಸುಮ್ನೆ ಮೂಲೆಯಲ್ಲಿದ್ದ ಲ್ಯಾಪ್‌ಟಾಪ್ ಒಂದನ್ನು ವಿಡಿಯೊ ತೋರಿಸುವ ಪರದೆ ಮಾಡಲು ಹೊರಟಿದ್ದೇನೆ. ಎರಡನೇ ತಲೆಮಾರಿನ ಇಂಟೆಲ್ ಐ3, 4 ಜಿಬಿ ರ‍್ಯಾಮ್, 1366×768 ಪರದೆ, ವಿಂಡೋಸ್ 10. ಫೋನಿನಲ್ಲಿ ತೆಗೆದ 4ಕೆ ವಿಡಿಯೊವನ್ನು ವಿಎಲ್‌ಸಿ ಪ್ಲೇಯರ್‌ನಲ್ಲಿ ಲೂಪ್ ಹಾಕಿದ್ದೇನೆ. ಚಿತ್ರ ತಡವರಿಸುತ್ತದೆ, ಫ್ಯಾನ್ ಜೋರಾಗಿ ಕೂಗುತ್ತದೆ. ಸುತ್ತು ಮುಗಿದಾಗಲೆಲ್ಲ ಪರದೆ ಒಂದು ಕ್ಷಣ ಕಪ್ಪಾಗಿ ಫೈಲಿನ ಹೆಸರು ಬಂದು ಹೋಗುತ್ತದೆ. ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿದರೆ ಸರಿಹೋಗುತ್ತಾ?

ಉತ್ತರ
ಎಸ್‌ಎಸ್‌ಡಿ ಹಾಕಿದರೆ ಬೂಟ್ ಬೇಗ ಆಗುತ್ತದೆ, ಈ ತೊಂದರೆ ಹೋಗುವುದಿಲ್ಲ. ನೀವು ಹೇಳಿದ ಎರಡಕ್ಕೂ ಕಾರಣ ಬೇರೆ ಬೇರೆ. ಮೊದಲು ತಡವರಿಕೆ ನೋಡೋಣ.

ಈಗಿನ ಫೋನುಗಳ 4ಕೆ ವಿಡಿಯೊ ಬಹಳಷ್ಟು ಸಲ ಹೆಚ್.265ರಲ್ಲಿ (ವಿಡಿಯೊವನ್ನು ಕುಗ್ಗಿಸಿಡುವ ಒಂದು ವಿಧಾನ) ಇರುತ್ತದೆ. ನಿಮ್ಮ ಐ3 2011ರ ಕಾಲದ್ದು. ಅದರ ಗ್ರಾಫಿಕ್ಸ್‌ಗೆ ಹಳೆಯ ವಿಧಾನವಾದ ಹೆಚ್.264 ಬಿಡಿಸಲು ಬರುತ್ತದೆ, ಹೆಚ್.265 ಬರುವುದಿಲ್ಲ. ಹಾಗಾಗಿ ಪೂರ್ತಿ ಭಾರ ಸಿಪಿಯು ಮೇಲೆ ಬೀಳುತ್ತದೆ. ವಿಡಿಯೊ ಓಡುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಗೊತ್ತಾಗುತ್ತದೆ.

ಪರದೆಯೇ 1366×768 ಇರುವಾಗ 4ಕೆ ಯಾಕೆ, ಅಲ್ವಾ? ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಹೆಚ್.264, 720ಪಿ, ಸೆಕೆಂಡಿಗೆ 30 ಫ್ರೇಮ್ ಆರಿಸಿ ಹೊಸ ಫೈಲ್ ಮಾಡಿ. ಫ್ರೇಮ್ ರೇಟ್ ಸ್ಥಿರವಾಗಿರಲಿ. ಫೋನ್ ವಿಡಿಯೊದಲ್ಲಿ ಅದು ಏರುಪೇರಾಗುತ್ತಿರುತ್ತದೆ.

ಕಪ್ಪು ಪರದೆಗೆ ಕಾರಣ ಪ್ಲೇಯರ್. ಲೂಪ್ ಬಂದಾಗ ವಿಎಲ್‌ಸಿ ಫೈಲನ್ನು ಮುಚ್ಚಿ ಮತ್ತೆ ತೆರೆಯುತ್ತದೆ. ಹೆಸರು ಕಾಣಿಸುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದು, ಕಪ್ಪು ಹೋಗಲಿಕ್ಕಿಲ್ಲ. ಬದಲಿಗೆ ಎಂಪಿವಿ ಎಂಬ ಪ್ಲೇಯರ್ ಹಾಕಿಕೊಳ್ಳಿ. ವಿಡಿಯೊ ಓಡುವಾಗ ಶಿಫ್ಟ್ ಜೊತೆ ಎಲ್ ಒತ್ತಿದರೆ ಲೂಪ್, ಎಫ್ ಒತ್ತಿದರೆ ಪೂರ್ತಿ ಪರದೆ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್! ತಡವರಿಕೆ ಪೂರ್ತಿ ಹೋಯಿತು, ಫ್ಯಾನ್ ಕೂಡ ತಣ್ಣಗಾಯಿತು. ಕಪ್ಪೂ ಇಲ್ಲ. ಆದರೆ ಸುತ್ತಿನ ಕೊನೆಯಲ್ಲಿ ಚಿತ್ರ ಒಂದು ಚೂರು ನಿಂತು ಮುಂದೆ ಹೋಗುತ್ತದೆ.

ಉತ್ತರ
ಫೈಲಿನಲ್ಲಿ ಆಡಿಯೊ ಇದೆಯಾ? ಆಡಿಯೊ ಚಿತ್ರಕ್ಕಿಂತ ಕೂದಲೆಳೆಯಷ್ಟು ಉದ್ದವಿದ್ದರೂ ಸಾಕು, ಅದು ಮುಗಿಯುವ ತನಕ ಕೊನೆಯ ಫ್ರೇಮ್ ಹಾಗೇ ನಿಲ್ಲುತ್ತದೆ. ಮ್ಯೂಟ್ ಮಾಡಿದರೆ ಪ್ರಯೋಜನವಿಲ್ಲ, ಟ್ರ್ಯಾಕ್ ಫೈಲಿನಲ್ಲೇ ಉಳಿದಿರುತ್ತದೆ. ಹ್ಯಾಂಡ್‌ಬ್ರೇಕ್‌ನ ಆಡಿಯೊ ಟ್ಯಾಬ್‌ನಲ್ಲಿ ಟ್ರ್ಯಾಕನ್ನೇ ತೆಗೆದು ಮತ್ತೆ ಫೈಲ್ ಮಾಡಿ. ಆಮೇಲೂ ಕಂಡರೆ ಅದೇ ವಿಡಿಯೊವನ್ನು ಸಾಲಾಗಿ ಜೋಡಿಸಿ ಒಂದು ಗಂಟೆಯ ಫೈಲ್ ಮಾಡಿಬಿಡಿ. ಆಗ ಸುತ್ತು ಮುಗಿದು ಮತ್ತೆ ಶುರುವಾಗುವ ಕೊಂಡಿ ಗಂಟೆಗೊಮ್ಮೆ ಮಾತ್ರ ಬರುತ್ತದೆ.

ಇನ್ನೊಬ್ಬರ ಉತ್ತರ
ಬ್ಯಾಟರಿ ಬಗ್ಗೆ ಯಾರೂ ಹೇಳಲಿಲ್ಲ, ನನಗೆ ಅದೇ ಚಿಂತೆ. ಹಳೆ ಬ್ಯಾಟರಿ ಸದಾ ಚಾರ್ಜರ್‌ನಲ್ಲೇ ಇದ್ದರೆ ಊದಿಕೊಳ್ಳಬಹುದು. ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ: ಅಲ್ಲಾಡುತ್ತಾ? ಟಚ್‌ಪ್ಯಾಡ್ ಮೇಲೆದ್ದಿದೆಯಾ, ಕ್ಲಿಕ್ ಬಿಗಿಯಾಗಿದೆಯಾ? ಹಾಗಿದ್ದರೆ ಚಾರ್ಜರ್ ತೆಗೆದು ಆಫ್ ಮಾಡಿ. ಊದಿದ್ದನ್ನು ಒತ್ತಬೇಡಿ, ಚುಚ್ಚಬೇಡಿ. ಬಿಚ್ಚಲು ಬರದಿದ್ದರೆ ರಿಪೇರಿಯವರ ಕೈಗೆ ಕೊಡಿ. ಚೆನ್ನಾಗಿದ್ದರೂ, ಹೊರಗೆ ತೆಗೆಯುವಂಥ ಬ್ಯಾಟರಿಯಾದರೆ ತೆಗೆದಿಟ್ಟು ಅಡಾಪ್ಟರ್‌ನಲ್ಲೇ ಓಡಿಸುವುದು ಒಳ್ಳೆಯದು. ಕೆಲವು ಮಾಡೆಲ್‌ಗಳು ಬ್ಯಾಟರಿ ಇಲ್ಲದಿದ್ದರೆ ನಿಧಾನವಾಗುತ್ತವೆ, ಮೊದಲೇ ಓಡಿಸಿ ನೋಡಿ.

ಎತ್ತರದಲ್ಲಿ ಇಡುತ್ತೀರಾದರೆ ಪರದೆಯನ್ನು ಕೆಳಮುಖವಾಗಿ ಬಾಗಿಸಿ. ಆ ಕಾಲದ ಟಿಎನ್ ಪರದೆಗಳನ್ನು (ಅಗ್ಗದ ಎಲ್‌ಸಿಡಿ ಬಗೆ) ಕೆಳಗಿನಿಂದ ನೋಡಿದರೆ ಬಣ್ಣವೆಲ್ಲ ಕಪ್ಪಿಡುತ್ತದೆ.

ಪ್ರಶ್ನೆ ಕೇಳಿದವರು
ಆಡಿಯೊ ತೆಗೆದ ಮೇಲೆ ಕೊಂಡಿ ಎಲ್ಲಿದೆ ಅಂತಲೇ ಗೊತ್ತಾಗುತ್ತಿಲ್ಲ! ಬ್ಯಾಟರಿ ಊದಿಲ್ಲ, ಆದರೂ ತೆಗೆದಿಟ್ಟೆ. ಆದರೆ ಕರೆಂಟ್ ಹೋಗಿ ಬಂದರೆ ಯಾರೂ ಮುಟ್ಟದೆ ತಾನೇ ಶುರುವಾಗುವ ಹಾಗೆ ಮಾಡಬಹುದಾ?

ಉತ್ತರ
ಬಯಾಸ್‌ನ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್) ಪವರ್ ಭಾಗದಲ್ಲಿ, ಕರೆಂಟ್ ಬಂದಾಗ ಆನ್ ಆಗುವ ಆಯ್ಕೆ ಇದೆಯಾ ನೋಡಿ. ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಒಬ್ಬರು ಬಟನ್ ಒತ್ತಲೇಬೇಕು. ಮಿಕ್ಕಿದ್ದು ಸುಲಭ: ಪಾಸ್‌ವರ್ಡ್ ಕೇಳದೆ ಲಾಗಿನ್ ಆಗಲಿ, ಎಂಪಿವಿ ಶಾರ್ಟ್‌ಕಟ್ ಸ್ಟಾರ್ಟಪ್ ಫೋಲ್ಡರ್‌ನಲ್ಲಿರಲಿ, ಲೂಪ್ ಮತ್ತು ಪೂರ್ತಿ ಪರದೆಯನ್ನು ಎಂಪಿವಿಯ ಕಾನ್ಫಿಗ್ ಫೈಲಿನಲ್ಲೇ ಬರೆದಿಡಿ. ಸ್ಲೀಪ್ ಸೆಟ್ಟಿಂಗ್‌ನಲ್ಲಿ ಬ್ಯಾಟರಿ, ಚಾರ್ಜರ್ ಎರಡೂ ಕಡೆ ‘ಎಂದಿಗೂ ಬೇಡ’ ಆರಿಸಿ. ವೈಫೈ ಆಫ್ ಮಾಡಿ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈ ಕೆಲಸಕ್ಕೆ ನೆಟ್ ಬೇಕಾಗಿಯೂ ಇಲ್ಲ. ಎಲ್ಲ ಆದ ಮೇಲೆ ಒಮ್ಮೆ ಆಫ್ ಮಾಡಿ, ಆನ್ ಮಾಡಿ, ಮೌಸ್ ಮುಟ್ಟದೆ ವಿಡಿಯೊ ಬರುತ್ತದಾ ನೋಡಿ ತಿಳಿಸಿ.