ಕಿಂಡಿ ಅಣೆಕಟ್ಟು ದಾಟಿಸಲು ಡ್ರಮ್ ಹೊರುವ ಬೆಲ್ಟು: ತರಿಸುವುದಾ, ಹೊಲಿಸುವುದಾ?

ಹೊಳೆಬದಿ, ಕಲ್ಯಾಣಪುರ:
ನಾವಿಬ್ಬರು ಸ್ವರ್ಣಾ ನದಿಯಲ್ಲಿ ಕೆನೂ (ಹುಟ್ಟು ಹಾಕುವ ಹಗುರ ದೋಣಿ) ತೆಗೆದುಕೊಂಡು ಹೋಗುವವರು. ಮಳೆ ಮುಗಿದು ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ನೀರೇನೋ ಚೆನ್ನಾಗಿ ನಿಲ್ಲುತ್ತದೆ, ಆದರೆ ಅಲ್ಲಿ ದೋಣಿ, ಸಾಮಾನು ಎಲ್ಲ ಹೊತ್ತು ದಡದ ಮೇಲೆ ಸುತ್ತಿ ಬರಬೇಕು. ದೋಣಿ ಇಬ್ಬರೂ ಸೇರಿ ಎತ್ತುತ್ತೇವೆ. ಕಷ್ಟ ಇರುವುದು ನೀಲಿ ಡ್ರಮ್ಮಿನದ್ದು. ಟೆಂಟು, ಅಕ್ಕಿ, ಪಾತ್ರೆ ಸೇರಿ 20 ಕಿಲೋ ದಾಟುತ್ತದೆ, ಹಗ್ಗ ಕಟ್ಟಿ ಹೊತ್ತರೆ ಹೆಗಲು ಕೊಯ್ಯುತ್ತದೆ. ವಿದೇಶದ ಹಾರ್ನೆಸ್, ಅಂದರೆ ಡ್ರಮ್ ಬೆನ್ನಿಗೆ ಹಾಕಿಕೊಳ್ಳುವ ಬೆಲ್ಟು, ತುಂಬಾ ದುಬಾರಿ. ಇಲ್ಲೇ ಹೊಲಿಸಬಹುದಾ?

ಮುಲ್ಕಿಯವ:
ಖಂಡಿತ ಹೊಲಿಸಬಹುದು ಮಾರಾಯ್ರೆ. ಮೊದಲು ಸೊಂಟದ ಬೆಲ್ಟು ಗಟ್ಟಿ ಇರುವ ಹಳೇ ಟ್ರೆಕ್ಕಿಂಗ್ ಬ್ಯಾಗ್ ಹುಡುಕಿ. ಭಾರ ಸೊಂಟಕ್ಕೆ ಇಳಿಯದಿದ್ದರೆ ಹೆಗಲ ಪಟ್ಟಿಗೆ ಎಷ್ಟು ದಪ್ಪ ಫೋಮು ಹಾಕಿದರೂ ಪ್ರಯೋಜನ ಇಲ್ಲ. ಚೀಲ ಕತ್ತರಿಸಿ ಬೆನ್ನಿನ ಭಾಗ ಮಾತ್ರ ಉಳಿಸಿಕೊಳ್ಳಿ, ಡ್ರಮ್ಮಿನ ಸುತ್ತ ಮೇಲೊಂದು ಕೆಳಗೊಂದು ಪಟ್ಟಿ, ತಳದಡಿಯಲ್ಲಿ ಇನ್ನೊಂದು. ತಳದ್ದು ಬಿಡಬೇಡಿ, ಇಲ್ಲದಿದ್ದರೆ ನಡೆಯುವಾಗ ಡ್ರಮ್ ಜಾರುತ್ತದೆ. ನೈಲಾನ್ ಪಟ್ಟಿ ಒದ್ದೆಯಾದರೆ ಹಿಗ್ಗುತ್ತದೆ, ಪಾಲಿಯೆಸ್ಟರ್ ತೆಗೆದುಕೊಳ್ಳಿ. ಟಾರ್ಪಾಲ್ ಹೊಲಿಯುವವರ ಹತ್ತಿರ ದಪ್ಪ ನೂಲಿನ ಮಿಷನ್ ಇರುತ್ತದೆ. ಪಟ್ಟಿ ಸೇರುವ ಕಡೆ ಚೌಕಾಕಾರದಲ್ಲಿ ಹೊಲಿದು ಒಳಗೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ ಹಾಕಿಸಿ. ಸುಮ್ನೆ ಒಂದು ಸಾಲು ಓಡಿಸಿದರೆ ಭಾರಕ್ಕೆ ಕಿತ್ತು ಬರುತ್ತದೆ.

ಸೀತಾನದಿ ಅಲೆಮಾರಿ:
ಇದರ ಜೊತೆಗೆ ತಲೆಪಟ್ಟಿಯನ್ನೂ ಮಾಡಿಸಿ, ಅಂದರೆ ಬೆನ್ನ ಮೇಲಿನ ಭಾರವನ್ನು ತಲೆಯಿಂದ ಹಿಡಿಯುವ ಪಟ್ಟಿ. ಕೆನಡಾದಲ್ಲಿ ತುಪ್ಪಳದ ವ್ಯಾಪಾರದ ಕಾಲದಲ್ಲಿ ದೋಣಿಯವರು 90 ಪೌಂಡಿನ, ಅಂದರೆ ಸುಮಾರು 41 ಕಿಲೋದ ಕಟ್ಟುಗಳನ್ನು ಎರಡೆರಡು ಹೊತ್ತದ್ದು ಇದರಲ್ಲೇ. ಪಟ್ಟಿ ಹಣೆಗೆ ಬರಬಾರದು, ನೆತ್ತಿಯ ಸ್ವಲ್ಪ ಮುಂದೆ ಕೂರಬೇಕು. ನಮ್ಮಲ್ಲಿ ಸಿಂಬೆ ಇಟ್ಟು ಹೊರುವವರ ಕತ್ತು ನೋಡಿ, ಭಾರ ನೆಟ್ಟಗೆ ಬೆನ್ನುಮೂಳೆಗೆ ಇಳಿಯುತ್ತದೆ ಅಲ್ವಾ, ಇದೂ ಹಾಗೆಯೇ. ಶುರುವಿನಲ್ಲಿ ಕಡಿಮೆ ಭಾರ ಹಾಕಿ, ಕತ್ತಿಗೆ ಅಭ್ಯಾಸ ಬೇಕು.

ಹೊಳೆಬದಿ, ಕಲ್ಯಾಣಪುರ:
ತುಂಬಾ ಉಪಕಾರ. ಎದೆಯ ಕ್ಲಿಪ್ಪೂ ಬೇಕಾ?

ಮುಲ್ಕಿಯವ:
ಇರಲಿ, ಆದರೆ ಪಾಚಿ ಕಟ್ಟಿದ ಮೆಟ್ಟಿಲು ಇಳಿಯುವಾಗ, ನೀರಿಗೆ ಕಾಲಿಡುವಾಗ ಎದೆಯದ್ದು, ಸೊಂಟದ್ದು ಎರಡೂ ಬಿಚ್ಚಿಟ್ಟುಕೊಳ್ಳಿ. ಜಾರಿದರೆ ಡ್ರಮ್ ಕೂಡಲೇ ಕಳಚಬೇಕು. ಗಾಳಿ ತುಂಬಿದ ಡ್ರಮ್ ತೇಲುತ್ತದೆ, ಬೆನ್ನಿಗೆ ಕಟ್ಟಿಕೊಂಡು ಬಿದ್ದರೆ ಅದು ಮೇಲೆ, ನಿಮ್ಮ ಮುಖ ನೀರೊಳಗೆ. ಕ್ಲಿಪ್ ಒಂದೇ ಕೈಯಲ್ಲಿ, ಒದ್ದೆ ಬೆರಳಲ್ಲಿ ಬಿಚ್ಚಲು ಆಗುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಿ.