ಸೊಸೈಟಿ ಸಂಪರ್ಕ ಪುಟ: ಯಾವುದಕ್ಕೆ ಯಾರಿಗೆ ಫೋನ್ ಮಾಡೋದು?

ಬಿ-402: ಎಲ್ಲರಿಗೂ ನಮಸ್ಕಾರ. ಮುಂಬಯಿ ಮುಲುಂಡಿನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿ ವೆಬ್‌ಸೈಟಿನ ಸಂಪರ್ಕ ಪುಟವನ್ನ ಭಾನುವಾರದೊಳಗೆ ಸರಿ ಮಾಡಬೇಕು. ಈಗ ಇರೋದು ಒಂದೇ ಫಾರ್ಮು, ಕೆಳಗೆ ಅಧ್ಯಕ್ಷರು, ಸೆಕ್ರೆಟರಿ, ಖಜಾಂಚಿ ಅಂತ ಪಟ್ಟಿ. ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋದವರಿಗೆ ಖಜಾಂಚಿ ಯಾರಾದರೇನು? ಪುಟ "ಏನಾಗಿದೆ?" ಅಂತ ಶುರುವಾಗಲಿ. ಆರು ಬಟನ್ ಸಾಕು: ನೀರು, ಕರೆಂಟು, ಗ್ಯಾಸು, ಲಿಫ್ಟು, ಲೀಕೇಜು, ಬಿಲ್ಲು.

ಎ-101: ಅದಕ್ಕೂ ಮೇಲೆ 112, 101, 108 ದೊಡ್ಡ ಅಕ್ಷರದಲ್ಲಿ ಬೇಕು. ಜೀವದ ಪ್ರಶ್ನೆ ಇರುವಲ್ಲಿ ಫಾರ್ಮು ಕಣ್ಣಿಗೇ ಬೀಳಬಾರದು.

ಸಿ-703: ನಂಬರುಗಳನ್ನು ಫೋಟೋ ಮಾಡಿ ಹಾಕ್ಬೇಡಿ ಮಾರಾಯ್ರೆ, ಒತ್ತಿದ್ರೆ ಕಾಲ್ ಹೋಗ್ಬೇಕು. ಈಗಿನ ಪುಟದಲ್ಲಿ ಪಾಲಿಕೆಯ 1916 ಒತ್ತಿ ನೋಡಿ, ಡಯಲರಿನಲ್ಲಿ +911916 ಅಂತ ಬರ್ತದೆ, ಕಾಲ್ ಹೋಗುದಿಲ್ಲ. ಟೆಂಪ್ಲೇಟು ಎಲ್ಲ ನಂಬರಿಗೂ ತಾನಾಗಿಯೇ +91 ಅಂಟಿಸಿದೆ. ಮೂರಂಕಿ, ನಾಲ್ಕಂಕಿ ನಂಬರಿಗೆ ಅದು ಬೇಡ. ಲ್ಯಾಂಡ್‌ಲೈನಿಗಾದ್ರೆ +91 ಇಟ್ಟು 022ರ ಮೊದಲಿನ ಸೊನ್ನೆ ತೆಗೀಬೇಕು.

ಡಿ-204: ಇನ್ನೊಂದು. ತಂದೆ-ತಾಯಿ ಮುಲುಂಡಿನಲ್ಲಿ, ಮಕ್ಕಳು ಬೆಂಗಳೂರಿನಲ್ಲಿ, ಹೀಗಿರೋ ಮನೆ ನಮ್ಮಲ್ಲಿ ಕಡಿಮೆ ಏನಿಲ್ಲ. ಬೆಂಗಳೂರಿನಲ್ಲಿ 1916 ಅಂದ್ರೆ ಅಲ್ಲಿನ ಜಲಮಂಡಳಿ, ಮುಂಬಯಿ ಪಾಲಿಕೆ ಅಲ್ಲ. ಹಾಗಾಗಿ ಪಾಲಿಕೆಯ ಟಿ ವಾರ್ಡ್ (ಮುಲುಂಡ್ ವಿಭಾಗ) ಕಚೇರಿಯ ಪೂರ್ತಿ ಲ್ಯಾಂಡ್‌ಲೈನ್ ನಂಬರೂ ಪಕ್ಕದಲ್ಲಿರಲಿ.

ಬಿ-402: ಸರಿ, ಸೇರಿಸ್ತೀನಿ.

ಎ-505: ನೀರಿನ ಬಟನ್ ಒತ್ತಿದ ಕೂಡಲೇ ನಂಬರ್ ತೋರಿಸಬ್ಯಾಡ್ರಿ, ಮೊದಲು ಒಂದು ಪ್ರಶ್ನೆ ಕೇಳ್ರಿ: ಹೊಲಸು ಪಾಲಿಕೆ ನೀರಿನಾಗೋ, ನಮ್ಮ ಟಾಕಿಯಾಗೋ? ಹೊಲಸು ನೀರು ಬಂತಂದ್ರ ವಾಚ್‌ಮನ್‌ಗೆ ಹೇಳಿ, ಪಾಲಿಕೆ ನೀರು ಬರೋ ಹೊತ್ತಿಗೆ ಕೆಳಗಿನ ಟಾಕಿಗೆ ಬೀಳೋ ಪೈಪಿನಿಂದಲೇ ಒಂದು ಗಾಜಿನ ಲೋಟದಾಗ ಹಿಡಿಸ್ರಿ. ಇನ್ನೊಂದು ಲೋಟ ಮನಿ ನಳದಿಂದ. ಎರಡನ್ನೂ ಬಿಳಿ ಹಾಳಿ ಮುಂದ ಇಟ್ಟು ಫೋಟೋ ತಗೀರಿ. ಮೊದಲನೇದೇ ಕೆಸರಾಗಿದ್ರ 1916. ಅದು ಸ್ವಚ್ಛ ಇದ್ದು ಎರಡನೇದು ಕೆಟ್ಟಿದ್ರ ತಪ್ಪು ನಮ್ಮ ಟಾಕಿದು ಇಲ್ಲಾ ಪೈಪಿಂದು, ಅದು ಸೊಸೈಟಿ ಕೆಲಸ. ಇಷ್ಟು ನೋಡದೇ ಪಾಲಿಕೆಗೆ ಫೋನ್ ಹಚ್ಚಿದ್ರ ಅವರ ಮಂದಿ ಬಂದು, ನಮ್ಮ ಟಾಕಿ ತೋರಿಸಿ ಹೋಗ್ತಾರ.

ಸಿ-703: ಕರೆಂಟಿಗೂ ಹಾಗೆಯೇ. ಒಂದೇ ಮನೆಯದ್ದು ಹೋದ್ರೆ ಎಂಸಿಬಿ (ತಾನಾಗಿ ಬೀಳುವ ಸುರಕ್ಷತಾ ಸ್ವಿಚ್) ನೋಡಿ, ಎಲೆಕ್ಟ್ರಿಷಿಯನ್ ಕರೀರಿ. ಒಂದು ವಿಂಗಿನದ್ದು ಮಾತ್ರ ಹೋದ್ರೆ ವಾಚ್‌ಮನ್ ಮೀಟರ್ ರೂಮ್ ನೋಡ್ಲಿ, ಒಳಗೆ ಕೈ ಹಾಕುದು ಬೇಡ. ಪಕ್ಕದ ಕಟ್ಟಡದಲ್ಲೂ ಇಲ್ಲದಿದ್ರೆ ಕರೆಂಟು ಕಂಪನಿ ಮಹಾವಿತರಣದ 1912. ಬಿಲ್ಲಿನ ಮೇಲಿರುವ 12 ಅಂಕಿಯ ಗ್ರಾಹಕ ಸಂಖ್ಯೆ ಕೈಯಲ್ಲಿರ್ಲಿ. ಅಂಧೇರಿಯ ಯಾವುದೋ ಸೊಸೈಟಿಯ ಪಟ್ಟಿ ನಕಲು ಮಾಡಿ ಅದಾನಿ ನಂಬರು ಹಾಕಿದ್ದಾರಲ್ಲ, ಅದನ್ನು ತೆಗೀರಿ. ಭಾಂಡುಪ್-ಮುಲುಂಡಿಗೆ ಕರೆಂಟು ಕೊಡುದು ಮಹಾವಿತರಣ.

ಎ-101: ಗ್ಯಾಸಿಗೆ 1906 ಒಂದನ್ನೇ ಹಾಕಿದ್ದೀರಿ. ಅದು ಸಿಲಿಂಡರ್ ಸೋರಿಕೆಗೆ. ಪೈಪ್ ಗ್ಯಾಸಿನವರಿಗೆ ಬಿಲ್ಲಿನಲ್ಲಿರುವ ತುರ್ತು ನಂಬರು ಬೇಕು. ಎರಡಕ್ಕೂ ಮೇಲೆ ಒಂದು ಸಾಲು ಬರೆಯಿರಿ: ವಾಲ್ವ್ ಮುಚ್ಚಿ, ಕಿಟಕಿ ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹೊರಗೆ ಬಂದು ಫೋನ್ ಮಾಡಿ.

ಡಿ-204: ಲೀಕೇಜ್ ಬಟನ್ನಿನಲ್ಲೂ ಎರಡು ದಾರಿ. ಟೆರೇಸಿಂದ ಇಳಿದರೆ ಖರ್ಚು ಸೊಸೈಟಿದು. ಮೇಲಿನ ಮನೆ ಬಾತ್‌ರೂಮಿಂದ ಅಂದ್ರೆ ಆ ಎರಡು ಮನೆಯವರದ್ದು. ಇದನ್ನ ಅಲ್ಲೇ ಬರೆದರೆ ಅರ್ಧ ಜಗಳ ಫಾರ್ಮಿಗೆ ಬರೋದೇ ಇಲ್ಲ.

ಬಿ-402: ಫಾರ್ಮ್ ಬಿಲ್ಲಿಗೆ, ಲೀಕೇಜಿಗೆ ಮಾತ್ರ ಉಳಿಯುತ್ತೆ. ಆದರೆ ಅದರ ಮೇಲ್ ಎಲ್ಲಾ ಸ್ಪ್ಯಾಮಿಗೆ ಹೋಗ್ತಿದೆಯಲ್ಲ?

ಸಿ-703: ಕಾರಣ ಸಿಕ್ಕಿತು. ಕಳಿಸಿದವರ ಜಾಗದಲ್ಲಿ ನಿವಾಸಿಯ ಜಿಮೇಲ್ ವಿಳಾಸ ಹೋಗ್ತಾ ಉಂಟು, ಕಳಿಸುವ ಸರ್ವರ್ ನಮ್ಮದು. ಎಸ್‌ಪಿಎಫ್, ಡಿಮಾರ್ಕ್ (ಮೇಲ್ ನಿಜವಾಗಿ ಆ ವಿಳಾಸದವರದ್ದೇ ಅಂತ ನೋಡುವ ಪರೀಕ್ಷೆಗಳು) ತಾಳೆ ಆಗುದಿಲ್ಲ, ಕಳ್ಳ ಮೇಲ್ ಅಂತ ತಳ್ಳಿಬಿಡ್ತದೆ. ಕಳಿಸುವ ವಿಳಾಸ ನಮ್ಮ ಡೊಮೇನಿನದ್ದೇ ಇರ್ಲಿ, ನಿವಾಸಿಯದ್ದು ರಿಪ್ಲೈ-ಟುನಲ್ಲಿ (ಉತ್ತರ ಹೋಗುವ ವಿಳಾಸ). ಮತ್ತೆ, ಸೆಕ್ರೆಟರಿಯವರ ಸ್ವಂತ ಇನ್‌ಬಾಕ್ಸ್ ಬೇಡ, ಕಮಿಟಿ ಬದಲಾದ್ರೆ ದೂರೆಲ್ಲ ಅವರೊಟ್ಟಿಗೇ ಹೋಗ್ತದೆ. "ಲೆಕ್ಕ", "ರಿಪೇರಿ" ಅಂತ ಎರಡು ವಿಳಾಸ ಮಾಡುವ.

ಎ-505: ಫಾರ್ಮ್‌ನಾಗ ವಿಂಗ್-ಫ್ಲಾಟ್, ಫೋನು, ಒಂದು ಫೋಟೋ, ಇಷ್ಟೇ ಕೇಳ್ರಿ. ಕಳಿಸಿದ ಕೂಡಲೇ ದೂರಿನ ಸಂಖ್ಯೆ ಬರಬೇಕು. ಇಲ್ಲಾಂದ್ರ ಅದನ್ನ ಮೂರು ಸಲ ಕಳಿಸ್ತಾರ.

ಎ-101: ಲಿಫ್ಟಿನದ್ದು ಮರೆತಿರಿ. ಸಿಕ್ಕಿಕೊಂಡವರಿಗೆ ಒಳಗೆ ನೆಟ್‌ವರ್ಕ್ ಇರೋದಿಲ್ಲ, ವೆಬ್‌ಸೈಟ್ ಎಲ್ಲಿಂದ? ವಾಚ್‌ಮನ್ ಇಂಟರ್‌ಕಾಮ್ ನಂಬರನ್ನೂ ಲಿಫ್ಟ್ ಕಂಪನಿ ನಂಬರನ್ನೂ ಕ್ಯಾಬಿನ್ನಿನೊಳಗೇ ಅಂಟಿಸಿ.

ಬಿ-402: ಆಯ್ತು. 703ರ ಅಕ್ಕ ಲಿಂಕು, ಮೇಲ್ ನೋಡ್ಕೊಳ್ಳಲಿ. ನೀರಿನ ಪ್ರಶ್ನೆ 505ರ ಅಣ್ಣ ಕನ್ನಡ, ಮರಾಠಿ ಎರಡರಲ್ಲೂ ಬರೆದುಕೊಡಲಿ. ಶನಿವಾರ ಸಂಜೆ ಆರಕ್ಕೆ ಕ್ಲಬ್‌ಹೌಸಿನಲ್ಲಿ ಪುಟ ತೆರೆದು, ತುರ್ತು ನಂಬರು ಬಿಟ್ಟು ಮಿಕ್ಕ ಎಲ್ಲದಕ್ಕೂ ಒಂದೊಂದು ಕಾಲ್ ಮಾಡಿ ನೋಡೋಣ. ತುರ್ತು ನಂಬರು ಡಯಲರಿನಲ್ಲಿ ಸರಿಯಾಗಿ ಬಂತಾ ಅಂತಷ್ಟೇ ನೋಡಿದರೆ ಸಾಕು.