ಅರೇಬಿಕಾ ಕಾಫಿ ಕಿತ್ತು ಪೂರ್ತಿ ರೋಬಸ್ಟಾ ಕಾಫಿ ಹಾಕಬಹುದಾ?

ಪ್ರಶ್ನೆ (ಸಕಲೇಶಪುರ ಕಡೆಯಿಂದ):
ನಮ್ಮದು ಆರು ಎಕರೆ ತೋಟ, ಹೆಚ್ಚಿನದು ಅರೇಬಿಕಾ. ಕಾಂಡಕೊರಕ (ಕಾಂಡದೊಳಗೆ ಕೊರೆಯೋ ಹುಳ) ಹಿಡಿದ ಗಿಡ ಕಿತ್ತು ಸುಡೋದೇ ವರ್ಷಾ ವರ್ಷ ಕೆಲಸ ಆಗಿದೆ. ರೋಬಸ್ಟಾಗೆ ಈ ಹುಳದ ಕಾಟ ಕಡಿಮೆ. ಸಾಲ ಮಾಡಿ, ನೆರಳಿನ ಮರ, ಮೆಣಸಿನ ಬಳ್ಳಿ ಎಲ್ಲಾ ತೆಗೆಸಿ ಪೂರ್ತಿ ರೋಬಸ್ಟಾ ಹಾಕೋಣ ಅಂತ ಮನೇಲಿ ಹಟ. ತಿಳಿದವರು ಹೇಳಿ.

ಬೇಲೂರಿನಿಂದ:
ಧೈರ್ಯವಾಗಿ ಹಾಕಿ ಸಾರ್. ರೋಬಸ್ಟಾ ಎಲ್ಲರಿಗಿಂತ ಹೆಚ್ಚು ಬೆಳೆಯೋ ವಿಯೆಟ್ನಾಂನಲ್ಲಿ ಬೆಳೆ ಹೋದ್ರೆ ನಮಗೇ ರೇಟು.

ಮೂಡಿಗೆರೆಯಿಂದ:
ಈ ಮಾತು ನಂಬಿ ಸಾಲ ಮಾಡಬೇಡಿ. 2023ರ ಎಲ್ ನಿನೊ (ಪೆಸಿಫಿಕ್ ಸಾಗರ ಬಿಸಿಯಾಗಿ ಮಳೆ ಏರುಪೇರಾಗೋದು) ವಿಯೆಟ್ನಾಂ ಒಂದನ್ನೇ ಒಣಗಿಸಲಿಲ್ಲ. ಅದೇ ವರ್ಷ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸ್ತು. ಮುಂದಿನ ಬೇಸಿಗೇಲಿ ನಮ್ಮ ಪಕ್ಕದ ತೋಟದವರು ಇದ್ದಬದ್ದ ನೀರಲ್ಲಿ ಒಂದು ಸುತ್ತು ಸ್ಪ್ರಿಂಕ್ಲರ್ ಹೊಡೆದು ಹೂ ಬಿಡಿಸಿದ್ರು. ತೋಟವೆಲ್ಲ ಬೆಳ್ಳಗೆ, ಘಮಘಮ. ಬ್ಯಾಕಿಂಗ್‌ಗೆ, ಅಂದ್ರೆ ಹೂ ಆದ ಮೇಲೆ ಕಾಯಿ ಕಚ್ಚೋಕೆ ಕೊಡೋ ಎರಡನೇ ಸುತ್ತಿಗೆ, ನೀರಿಲ್ಲ, ಮಳೇನೂ ಬರಲಿಲ್ಲ. ಮಿಡಿ ಒಣಗಿ ಉದುರಿ ಗೊಂಚಲಿಗೆ ನಾಲ್ಕೈದು ಕಾಯಿ ಉಳೀತು. 2024ರ ಸೆಪ್ಟೆಂಬರಲ್ಲಿ ಲಂಡನ್ ಮಾರುಕಟ್ಟೇಲಿ ರೋಬಸ್ಟಾ ರೇಟು ಟನ್ನಿಗೆ 5,000 ಡಾಲರ್ ದಾಟಿತು. ಕುಯ್ಲಿನ ಹೊತ್ತಿಗೆ ಅವರ ಕಣದಲ್ಲಿ ಮಾರೋಕೆ ಮೂಟೆಯೇ ಇಲ್ಲ. ಅವರ ಮುಖ ನೋಡೋಕಾಗ್ತಿರಲಿಲ್ಲ.

ಇನ್ನು ರೇಟಿನ ವಿಷಯ. 1989ರಲ್ಲಿ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕು ಅನ್ನೋ ಅಂತರರಾಷ್ಟ್ರೀಯ ಕೋಟಾ ಮುರಿದುಬಿತ್ತು, ತೊಂಬತ್ತರ ದಶಕದಲ್ಲಿ ವಿಯೆಟ್ನಾಂ ಸಿಕ್ಕಾಪಟ್ಟೆ ಗಿಡ ಹಾಕ್ತು, 2001ರ ಹೊತ್ತಿಗೆ ಕಾಫಿ ಬೆಲೆ ನೆಲ ಕಚ್ಚಿತು. ಎಲ್ಲಾ ದೇಶದ ರೈತರೂ ಒಂದೇ ರೇಟು ನೋಡಿ ಒಂದೇ ಗಿಡ ಹಾಕ್ತಿದ್ದಾರೆ. ನಿಮ್ಮ ಗಿಡ ಫಸಲಿಗೆ ಬರೋಕೆ ಮೂರ್ನಾಲ್ಕು ವರ್ಷ ಬೇಕು, ಬ್ಯಾಂಕಿನ ಕಂತು ಅಲ್ಲೀವರೆಗೆ ಕಾಯಲ್ಲ. ನಾವು ಹಾಕೋ ಪೊಟ್ಯಾಶ್ ಪೂರ್ತಿ ಹೊರದೇಶದ್ದು, ಕಾಫಿ ಹೋಗೋದೂ ಹೆಚ್ಚಿನದು ಯುರೋಪಿಗೆ. 2023ರ ಕೊನೇಲಿ ಕೆಂಪು ಸಮುದ್ರದಲ್ಲಿ ಹಡಗಿಗೆ ಕ್ಷಿಪಣಿ ಬಿದ್ದಾಗ ಮಾಲು ಆಫ್ರಿಕಾ ಸುತ್ತಿಕೊಂಡು ಹೋಯ್ತು, ಸಾಗಣೆ ಖರ್ಚೂ ಏರಿತು.

ಕೊರಕ ಜಾಸ್ತಿ ಇರೋ ಜಾಗದಲ್ಲಿ ಮಾತ್ರ ರೋಬಸ್ಟಾ ಹಾಕಿ. ಮೆಣಸು ಮುಟ್ಟಲೇಬೇಡಿ, ಕಾಫಿ ಕೈಕೊಟ್ಟ ವರ್ಷ ಕೂಲಿ ಬಟವಾಡೆ ಮಾಡೋದು ಅದೇ. ಎಲ್ಲಕ್ಕಿಂತ ಮೊದಲು ನೀರು ನೋಡಿಕೊಳ್ಳಿ.

ಬಾಳೆಹೊನ್ನೂರಿನಿಂದ:
ನೆರಳೂ ತೆಗೆಸಬೇಡಿ ಅಣ್ಣ. ಬಿಸಿಲು ಬೀಳೋ ಕಾಂಡದಲ್ಲೇ ಕೊರಕ ಮೊಟ್ಟೆ ಇಡೋದು. ಉಳಿಸಿಕೊಂಡ ಅರೇಬಿಕಾನೂ ಹೋಗುತ್ತೆ.

ಪ್ರಶ್ನೆ ಕೇಳಿದವರು:
ಮೂಡಿಗೆರೆ ಅಣ್ಣ, ಮನೇಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಕೆರೆ ಹೂಳು ತುಂಬಿ ಎರಡನೇ ಸುತ್ತಿಗೆ ನೀರು ಸಾಲಲ್ಲ. ಈ ಬೇಸಿಗೇಲಿ ಮೊದಲು ಅದನ್ನ ತೆಗೆಸ್ತೀನಿ. ನಿಮ್ಮ ಕಡೆ ಹಿಟಾಚಿಗೆ ಗಂಟೆಗೆ ಎಷ್ಟು ನಡೀತಿದೆ?